ಜೀವವಿನ್ಯಾಸದ ಲಿಪಿ ಯಾರ ಸ್ವತ್ತು?

೧

ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ಹೊಕ್ಕು ನೋಡಿದವರಿಗೆ ಜಕಾರ್ಡಿನ ಕಾರ್ಡುಗಳ ಪರಿಚಯವಿದ್ದೇ ಇರುತ್ತದೆ. ಸೀರೆಯ ಅಂಚಿನಲ್ಲಿ ಮೂಡಬೇಕಾದ ಹೂವನ್ನಾಗಲಿ ಹಂಸವನ್ನಾಗಲಿ ಚಿತ್ರಗಾರನು ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಾನೆ. ಆ ಚೌಕಗಳನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ. ಕಾರ್ಡುಗಳನ್ನು ಸಾಲಾಗಿ ದಾರದಿಂದ ಹೆಣೆದು ಮಗ್ಗದ ಮೇಲೆ ಏರಿಸುತ್ತಾರೆ. ತೂತು ಇರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ. ಇಲ್ಲದಲ್ಲಿ ತಳದಲ್ಲಿಯೇ ನಿಲ್ಲುತ್ತದೆ. ಹೀಗೆ ಆ ಹೂವು ತೂತುಗಳ ಭಾಷೆಯಲ್ಲಿ ಬರೆದ ಒಂದು ಲೇಖವೇ ಸರಿ. ಆದರೆ ಆ ಲೇಖವನ್ನು ಓದಬಲ್ಲುದು ಅದೇ ಅಳತೆಯ, ಅಷ್ಟೇ ಕೊಕ್ಕೆಗಳುಳ್ಳ ಯಂತ್ರ ಮಾತ್ರ. ಬೇರೆ ಅಳತೆಯ ಜಕಾರ್ಡಿಗೆ ಅದು ಬರಿಯ ತೂತುಬಿದ್ದ ರಟ್ಟು. ಚೌಕಳಿ ಕಾಗದವನ್ನು ಜೋಪಾನವಾಗಿಟ್ಟ ಮನೆಯವರು ಹೊಸ ಯಂತ್ರ ಬಂದಾಗ ಹೊಸ ಕಾರ್ಡು ಹೊಡೆಸಿಕೊಳ್ಳುತ್ತಾರೆ; ಕಾಗದವನ್ನು ಕಳೆದುಕೊಂಡವರ ಹೂವು ಹಳೆಯ ಯಂತ್ರದೊಡನೆಯೇ ಮೂಲೆ ಸೇರುತ್ತದೆ.

ಸೀರೆಯ ವಿಷಯದಲ್ಲಿ ಇದರಿಂದ ಆಗತಕ್ಕ ನಷ್ಟ ಒಂದು ಹೂವಿನ ನಷ್ಟ. ಇಂದು ಇದೇ ಪ್ರಶ್ನೆ ಸೀರೆಗಿಂತ ಬಹು ದೊಡ್ಡದಾದ ವಸ್ತುವೊಂದರ ವಿಷಯದಲ್ಲಿ ಎದ್ದುನಿಂತಿದೆ. ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಕಂಪ್ಯೂಟರಿನ ಮುಂದೆ ಕುಳಿತು ಯೋಜಿಸಿ, ಆ ಯೋಜನೆಯಂತೆ ರಾಸಾಯನಿಕವಾಗಿ ತಯಾರಿಸಿ ತರಿಸಿ, ಕೋಶದಲ್ಲಿ ಸೇರಿಸಿ, ಕೋಶದಿಂದ ಬೇಕಾದ ಕೆಲಸವನ್ನು ಮಾಡಿಸಿಕೊಳ್ಳುವ ವಿದ್ಯೆಯೊಂದು ಈಚಿನ ಎರಡು ಮೂರು ದಶಕಗಳಲ್ಲಿ ಬೆಳೆದು ನಿಂತಿದೆ. ಅದಕ್ಕೆ ಸಂಶ್ಲೇಷಿತ ಜೀವಶಾಸ್ತ್ರವೆಂದು ಹೆಸರು. ಆ ವಿನ್ಯಾಸವನ್ನು ಯಾವ ಲಿಪಿಯಲ್ಲಿ ಬರೆದಿಡತಕ್ಕದ್ದು, ಆ ಲಿಪಿ ಎಲ್ಲರಿಗೂ ಸೇರಿದ್ದೋ ಒಬ್ಬ ವ್ಯಾಪಾರಿಗೆ ಸೇರಿದ್ದೋ ಎಂಬುದು ಇಲ್ಲಿ ವಿಚಾರಿಸಬೇಕಾದ ವಿಷಯ. ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ಲೇಸು: ವಿನ್ಯಾಸ ಮಾಡುವ ಸಾಧನ ಯಾರದಾದರೂ ಆಗಿರಲಿ, ವಿನ್ಯಾಸವನ್ನು ಬರೆದಿಡುವ ಲಿಪಿ ಮಾತ್ರ ಸಾರ್ವಜನಿಕವಾಗಿರತಕ್ಕದ್ದು. ಸಾರ್ವಜನಿಕರ ಹಣದಿಂದ ನಡೆದ ಪ್ರತಿಯೊಂದು ಜೀವವಿನ್ಯಾಸವೂ ಆ ಲಿಪಿಯಲ್ಲಿಯೇ ದಾಖಲೆಯಾಗತಕ್ಕದ್ದು.

೨

ನೆಲಮಂಗಲ ಹೊಸಕೋಟೆಗಳ ಗೃಹಸ್ಥರಿಗೆ ಈ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಉತ್ತರವು ಅವರ ಮನೆಯ ಔಷಧದ ಪೆಟ್ಟಿಗೆಯಲ್ಲಿಯೂ ಹಿಟ್ಟಿನ ಡಬ್ಬಿಯಲ್ಲಿಯೂ ಇದೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಹಿಂದೆ ದನ ಹಂದಿಗಳ ಗ್ರಂಥಿಯಿಂದ ಬರುತ್ತಿತ್ತು. ಮನುಷ್ಯನ ಇನ್ಸುಲಿನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸಿದ ಔಷಧಕ್ಕೆ ೧೯೮೨ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ೨೦೦೪ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ಮಾನವ ಇನ್ಸುಲಿನನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ಒಂದು ಜೀನನ್ನು ಸೇರಿಸುವ ಆ ಕಾಲದ ಕೆಲಸವೇ ಇಂದು ಹತ್ತಾರು ಜೀನುಗಳನ್ನು ಒಂದು ಯಂತ್ರದ ಬಿಡಿಭಾಗಗಳಂತೆ ಜೋಡಿಸುವ ಕೆಲಸವಾಗಿ ಹಿಗ್ಗಿದೆ.

ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವಿದೆ. ಕೃಷಿ ವಿಶ್ವವಿದ್ಯಾನಿಲಯವೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಅಲ್ಲಿಯೇ ಇವೆ. ಈ ನಾಲ್ಕು ತಾಲ್ಲೂಕುಗಳ ಒಲೆಯ ಮೇಲೆ ದಿನವೂ ಬೇಯುವ ರಾಗಿಯ ಜೀನೋಮನ್ನು ಓದಿ, ೨೦೧೭ರಲ್ಲಿ ಪ್ರಕಟಿಸಿದವರು ಆ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು. ಅವರು ಆರಿಸಿಕೊಂಡ ತಳಿ ಎಂ.ಎಲ್. ೩೬೫. ಅಲ್ಲಿಂದ ಸ್ವಲ್ಪ ಮುಂದೆ ಯಲಹಂಕದಲ್ಲಿರುವ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ೨೦೦೯ರಲ್ಲಿ ಐಜೆಮ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋದರು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಕಂಪಿಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಪ್ರಯೋಗಶಾಲೆಯ ಸಾಧಾರಣ ಬ್ಯಾಕ್ಟೀರಿಯಾದಲ್ಲಿ ಹುಟ್ಟಿಸುವುದು ಅವರ ಉದ್ಯಮವಾಗಿತ್ತು. ಚಿತ್ರಕಲೆಯನ್ನೂ ವಿನ್ಯಾಸವನ್ನೂ ಓದುತ್ತಿದ್ದ ಹುಡುಗರು ಜೀವವಿಜ್ಞಾನಿಗಳ ಸಾಲಿನಲ್ಲಿ ನಿಲ್ಲುವುದು ಹೇಗೆ ಸಾಧ್ಯವಾಯಿತು? ಧೈರ್ಯವೂ ಗುರುಗಳ ನೆರವೂ ಇದ್ದವು, ನಿಜ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಮತ್ತೊಂದಿದೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಟಾಮ್ ನೈಟ್ ೨೦೦೩ರಲ್ಲಿ ಡಿ.ಎನ್.ಎ. ತುಂಡುಗಳಿಗೆ ಒಂದೇ ಬಗೆಯ ಆದಿ ಅಂತ್ಯಗಳನ್ನು ಗೊತ್ತುಮಾಡಿ, ಯಾವ ತುಂಡಾದರೂ ಯಾವ ತುಂಡಿನೊಡನೆಯೂ ಕೂಡಿಕೊಳ್ಳುವಂತೆ ಒಂದು ಕಟ್ಟಳೆಯನ್ನು ಬರೆದು ಬಹಿರಂಗಪಡಿಸಿದ್ದರು. ಅದಕ್ಕೆ ಬಯೋಬ್ರಿಕ್ ಎಂದು ಹೆಸರು. ಜೀವದ ಇಟ್ಟಿಗೆ ಎಂದು ಅರ್ಥ. ಇಟ್ಟಿಗೆಯ ಅಳತೆ ಎಲ್ಲರಿಗೂ ತಿಳಿದಿದ್ದುದರಿಂದಲೇ ಯಲಹಂಕದ ಹುಡುಗರೂ ಗೋಡೆ ಕಟ್ಟಲು ಕೈಹಾಕಿದರು.

ಎಲ್ಲರೂ ಒಪ್ಪಿದ ಇಂಥ ಅಳತೆಗೆ ಮಾನಕವೆಂದು ಹೆಸರು. ಮಾನಕವು ಬಡವನಿಗೂ ಹೊಸಬನಿಗೂ ಬಾಗಿಲು ತೆರೆಯುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

೩

ಇನ್ನು ವಿನ್ಯಾಸದ ಲಿಪಿ ಎಂದರೇನೆಂಬುದನ್ನು ನೋಡೋಣವಾಗಲಿ. ಡಿ.ಎನ್.ಎ. ಎಂಬುದು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಉದ್ದನೆಯ ಸಾಲು. ಅದರಲ್ಲಿ ಪ್ರಮೋಟರ್ ಎಂಬ ಭಾಗವು ‘ಇಲ್ಲಿಂದ ಓದತೊಡಗು’ ಎನ್ನುತ್ತದೆ. ಮುಂದಿನ ಭಾಗವು ಯಾವ ಪ್ರೋಟೀನನ್ನು ಕಟ್ಟಬೇಕೆಂಬುದನ್ನು ಹೇಳುತ್ತದೆ. ಟರ್ಮಿನೇಟರ್ ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತದೆ. ಈ ಭಾಗಗಳನ್ನು ಆರಿಸಿ, ಜೋಡಿಸಿ, ತಪ್ಪಿದ್ದರೆ ಎಚ್ಚರಿಸುವ ಕೆಲಸವನ್ನು ಸಾಫ್ಟ್‌ವೇರ್ ಸಾಧನಗಳು ಮಾಡುತ್ತವೆ. ಅವುಗಳ ಶಕ್ತಿ ಅಲ್ಪವಾದದ್ದಲ್ಲ. ೨೦೧೬ರಲ್ಲಿ ಪ್ರಕಟವಾದ ಚೆಲ್ಲೋ ಎಂಬ ಸಾಧನಕ್ಕೆ ‘ಇಂಥ ಎರಡು ಸೂಚನೆಗಳು ಕೂಡಿಬಂದಾಗ ಮಾತ್ರ ಬೆಳಗು’ ಎಂಬಂಥ ತರ್ಕದ ವಾಕ್ಯವನ್ನು ಕೊಟ್ಟರೆ, ಅದಕ್ಕೆ ತಕ್ಕ ಡಿ.ಎನ್.ಎ. ಸಾಲನ್ನು ತಾನೇ ರಚಿಸಿಕೊಡುತ್ತದೆ. ಅದು ರಚಿಸಿದ ೬೦ ಮಂಡಲಗಳಲ್ಲಿ ೪೫ ಎಲ್ಲ ಸ್ಥಿತಿಗಳಲ್ಲಿಯೂ ಸರಿಯಾಗಿ ನಡೆದುವೆಂದು ಅದನ್ನು ಕಟ್ಟಿದವರು ವರದಿ ಮಾಡಿದರು.

ಸಾಧನದಿಂದ ಹೊರಬಂದ ವಿನ್ಯಾಸವನ್ನು ಬರೆದಿಡುವ ಪದ್ಧತಿಗಳು ಹಲವು. ೧೯೮೫ರಲ್ಲಿ ಹುಟ್ಟಿದ ಫಾಸ್ಟಾ ಎಂಬ ರೂಪದಲ್ಲಿ ಒಂದು ಹೆಸರಿನ ಸಾಲು, ಅದರ ಕೆಳಗೆ ಅಕ್ಷರಗಳು, ಇಷ್ಟೇ. ೧೯೮೨ರಲ್ಲಿ ಸ್ಥಾಪಿತವಾದ ಜೆನ್‌ಬ್ಯಾಂಕ್ ಎಂಬ ಅಮೆರಿಕದ ಭಂಡಾರದ ರೂಪದಲ್ಲಿ ಯಾವ ಜೀನು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬ ಟಿಪ್ಪಣಿಯೂ ಸೇರುತ್ತದೆ. ಇವೆರಡೂ ಪ್ರಕೃತಿಯಲ್ಲಿ ಕಂಡದ್ದನ್ನು ಬರೆದಿಡುವುದಕ್ಕಾಗಿ ಹುಟ್ಟಿದವು. ಮನುಷ್ಯನು ತಾನೇ ಯೋಜಿಸಿದ್ದನ್ನು ಬರೆಯುವಾಗ ಬೇರೆ ಪ್ರಶ್ನೆಗಳು ಏಳುತ್ತವೆ. ಈ ಭಾಗವನ್ನು ಇಲ್ಲಿಟ್ಟ ಉದ್ದೇಶವೇನು? ಯಾವುದು ಯಾವುದನ್ನು ತಡೆಯುತ್ತದೆ, ಯಾವುದನ್ನು ಪ್ರಚೋದಿಸುತ್ತದೆ? ಯಾರ ವಿನ್ಯಾಸದಿಂದ ಇದನ್ನು ಎತ್ತಿಕೊಂಡದ್ದು? ಇನ್ನೂ ನಿಶ್ಚಯವಾಗದ ಭಾಗ ಯಾವುದು? ಈ ಪ್ರಶ್ನೆಗಳಿಗೆ ಸ್ಥಾನ ಕಲ್ಪಿಸಿ, ಹಲವು ದೇಶಗಳ ವಿದ್ವಾಂಸರು ಕೂಡಿ ರಚಿಸಿದ ಮುಕ್ತ ಭಾಷೆಯೇ ಎಸ್.ಬಿ.ಓ.ಎಲ್. ಅದರ ಮೊದಲ ಆವೃತ್ತಿ ೨೦೧೧ರಲ್ಲಿ ಬಂದಿತು. ಎರಡನೆಯದು ೨೦೧೫ರಲ್ಲಿ, ಮೂರನೆಯದು ೨೦೨೦ರಲ್ಲಿ. ಕೋಶದೊಳಗಿನ ರಾಸಾಯನಿಕ ಕ್ರಿಯೆಗಳ ವೇಗವನ್ನು ಗಣಿತದ ಸಮೀಕರಣಗಳಾಗಿ ಬರೆದಿಡುವುದಕ್ಕೆ ೨೦೦೧ರಿಂದ ಬಳಕೆಗೆ ಬಂದ ಎಸ್.ಬಿ.ಎಂ.ಎಲ್. ಎಂಬ ಇನ್ನೊಂದು ಮುಕ್ತ ಭಾಷೆಯಿದೆ. ಮಗ್ಗದ ಮಾತಿನಲ್ಲಿ ಹೇಳುವುದಾದರೆ ಇವು ಚೌಕಳಿ ಕಾಗದಗಳು. ಒಂದೊಂದು ಸಾಧನದ ಒಳಗಿನ ಕಡತವು ಆ ಸಾಧನಕ್ಕೆ ಮಾತ್ರ ಹೊಂದುವ ಕಾರ್ಡು.

೪

ಲಿಪಿಯನ್ನು ಸಾಧನದ ಒಡೆಯನ ವಶಕ್ಕೆ ಬಿಟ್ಟುಕೊಟ್ಟರೆ ಏನಾಗುವುದೆಂಬುದನ್ನು ಕನ್ನಡ ಪತ್ರಿಕೆಗಳನ್ನು ಓದುವವರಿಗೆ ವಿವರಿಸಬೇಕಾಗಿಲ್ಲ. ಅವರು ಅನುಭವಿಸಿ ಬಲ್ಲರು. ಕಂಪ್ಯೂಟರಿನಲ್ಲಿ ಕನ್ನಡ ಅಚ್ಚಾಗತೊಡಗಿದ ಕಾಲದಲ್ಲಿ ಒಬ್ಬೊಬ್ಬ ತಯಾರಕನೂ ಒಂದೊಂದು ಸಂಕೇತಕ್ರಮವನ್ನು ಹಿಡಿದಿದ್ದನು. ಒಂದರಲ್ಲಿ ‘ಕ’ಕಾರಕ್ಕೆ ಕೊಟ್ಟ ಸಂಖ್ಯೆ ಇನ್ನೊಂದರಲ್ಲಿ ಬೇರೊಂದು ಅಕ್ಷರದ ತುಂಡಿಗೆ ಸಲ್ಲುತ್ತಿತ್ತು. ಲೇಖಕನು ಮನೆಯಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚಿಸಿ ಕಳುಹಿಸಿದ ಪ್ರಬಂಧವು ಮುದ್ರಣಾಲಯದಲ್ಲಿ ತೆರೆದಾಗ ಅರ್ಥವಿಲ್ಲದ ಗೀಟುಗಳ ಸಂತೆಯಾಗುತ್ತಿತ್ತು. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸಂಖ್ಯೆ ಗೊತ್ತಾಗಿತ್ತು. ಹಾಗಿದ್ದೂ ಅದು ಕಛೇರಿಗಳಿಗೂ ಮುದ್ರಣಾಲಯಗಳಿಗೂ ಇಳಿದುಬರುವಷ್ಟರಲ್ಲಿ ವರ್ಷಗಳು ಉರುಳಿದವು. ನಡುವಣ ಕಾಲದಲ್ಲಿ ಸಿದ್ಧವಾದ ಎಷ್ಟೋ ಹಸ್ತಪ್ರತಿಗಳು ಇಂದು ಹುಡುಕುವುದಕ್ಕೂ ಸಿಕ್ಕದೆ, ಪರಿವರ್ತಿಸುವುದಕ್ಕೂ ಒಗ್ಗದೆ, ಹಳೆಯ ಕಡತಗಳಲ್ಲಿ ಮೂಕವಾಗಿ ಕುಳಿತಿವೆ. ಆ ಪ್ರಬಂಧಗಳಲ್ಲಿ ವಿದ್ವತ್ತಿನ ಕೊರತೆಯಿರಲಿಲ್ಲ. ಅವನ್ನು ಬರೆದ ಅಕ್ಷರ ಸಾರ್ವಜನಿಕವಾಗಿರಲಿಲ್ಲ.

ಒಂದು ಭಾಷೆಯ ವಾಙ್ಮಯಕ್ಕೆ ಒದಗಿದ ಆ ಗತಿ ಜೀವವಿನ್ಯಾಸಕ್ಕೆ ಒದಗಬಾರದೆಂದರೆ ಎಚ್ಚರಿಕೆ ಈಗಲೇ ಬೇಕು. ಏಕೆಂದರೆ ಹಾಳಾದ ಪ್ರಬಂಧವನ್ನು ಓದುಗನು ಕೂಡಲೇ ಗುರುತಿಸುತ್ತಾನೆ. ನಾಲ್ಕು ಅಕ್ಷರಗಳ ಸಾಲಿನಲ್ಲಿ ಒಂದು ಅಕ್ಷರ ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ.

೫

ಇದಕ್ಕೆ ಎದುರಾಗಿ ಹೇಳತಕ್ಕವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯ ವಾದ: ‘ಇದು ಗುಮಾಸ್ತರ ಕೆಲಸ. ವಿಜ್ಞಾನಿಯು ಸತ್ಯವನ್ನು ಕಾಣಲಿ. ಕಡತದ ರೂಪ ಹೇಗಿದ್ದರೇನು?’ ಈ ತಿರಸ್ಕಾರಕ್ಕೆ ವಿಜ್ಞಾನವು ತೆತ್ತ ದಂಡವನ್ನು ಕೇಳಬೇಕು. ಮನುಷ್ಯನ ಜೀನುಗಳಲ್ಲಿ ‘ಸೆಪ್ಟ್ ೨’ ಎಂದೂ ‘ಮಾರ್ಚ್ ೧’ ಎಂದೂ ಸಂಕ್ಷಿಪ್ತ ನಾಮಗಳುಳ್ಳವು ಕೆಲವಿದ್ದವು. ಲೆಕ್ಕಪತ್ರಗಳಿಗಾಗಿ ಹುಟ್ಟಿದ ಎಕ್ಸೆಲ್ ಎಂಬ ಸಾಧನದಲ್ಲಿ ಅವನ್ನು ಬರೆದರೆ ಅದು ಸೆಪ್ಟೆಂಬರ್ ೨, ಮಾರ್ಚ್ ೧ ಎಂದು ತಾರೀಖುಗಳಾಗಿ ತಾನೇ ತಿದ್ದಿಬಿಡುತ್ತಿತ್ತು. ಎಕ್ಸೆಲ್ ಕಡತಗಳಲ್ಲಿ ಜೀನುಗಳ ಪಟ್ಟಿಯನ್ನು ಜೊತೆಗಿಟ್ಟ ಸಂಶೋಧನ ಲೇಖನಗಳಲ್ಲಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಈ ತಪ್ಪು ನುಸುಳಿದೆಯೆಂದು ೨೦೧೬ರಲ್ಲಿ ಒಂದು ಪರಿಶೀಲನೆ ತೋರಿಸಿತು. ಕಡೆಗೆ ೨೦೨೦ರಲ್ಲಿ ಜೀನುಗಳಿಗೆ ಹೆಸರಿಡುವ ಮಂಡಲಿಯು ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು! ಗುಮಾಸ್ತನ ಕೆಲಸವೆಂದು ಕಡೆಗಣಿಸಿದ್ದು ವಿದ್ವಾಂಸನ ಪರಿಭಾಷೆಯನ್ನೇ ತಿದ್ದಿಸಿತು. ಸಾಧನಕ್ಕೆ ತಕ್ಕಂತೆ ಶಾಸ್ತ್ರ ಬಾಗುವುದೆಂದರೆ ಇದೇ.

ಎರಡನೆಯ ವಾದ: ‘ಎಲ್ಲರೂ ಬಳಸುವ ಒಳ್ಳೆಯ ಸಾಧನವೇ ಕಾಲಕ್ರಮದಲ್ಲಿ ಮಾನಕವಾಗುತ್ತದೆ, ಅದನ್ನು ಕೊಂಡರೆ ಸಾಕು.’ ಇಲ್ಲಿ ಅರ್ಧ ಸತ್ಯವಿದೆ. ಮಾರಾಟದ ಸಾಧನಗಳಲ್ಲಿ ಒಳ್ಳೆಯವು ಇವೆ. ಅವುಗಳಲ್ಲಿ ಅನೇಕವು ಜೆನ್‌ಬ್ಯಾಂಕ್ ರೂಪದಲ್ಲಿ ವಿನ್ಯಾಸವನ್ನು ಹೊರಕ್ಕೆ ಕೊಡುತ್ತವೆಂಬುದೂ ನಿಜ. ಆದರೆ ಹಾಗೆ ಹೊರಬರುವಾಗ ಬರುವುದು ಅಕ್ಷರ ಮತ್ತು ಟಿಪ್ಪಣಿ. ವಿನ್ಯಾಸಕನ ಉದ್ದೇಶ, ಭಾಗಗಳ ಪರಸ್ಪರ ಸಂಬಂಧ, ಹಿಂದಿನ ಕರಡುಗಳ ಚರಿತ್ರೆ ಇವು ಬಹುಮಟ್ಟಿಗೆ ಒಳಗೇ ಉಳಿಯುತ್ತವೆ. ವರ್ಷದ ಚಂದಾ ತೆರುವವರೆಗೆ ಬಾಗಿಲು ತೆರೆದಿರುತ್ತದೆ. ಹೊಸಕೋಟೆಯ ಒಂದು ಸಾಧಾರಣ ಕಾಲೇಜಿನ ವಿದ್ಯಾರ್ಥಿಯು ಪದವಿ ಮುಗಿಸಿ ಹೊರಬಂದ ದಿನ ಅವನ ಮೂರು ವರ್ಷದ ಕೆಲಸ ಅವನಿಗೇ ಮುಚ್ಚಿಹೋದರೆ, ಅವನು ಕಲಿತದ್ದು ವಿದ್ಯೆಯೋ ಬಾಡಿಗೆಯ ಮನೆಯೋ? ತಯಾರಕನು ಬೆಲೆಯೇರಿಸಿದರೆ ಶ್ರೀಮಂತ ಸಂಸ್ಥೆ ಕೊಟ್ಟೀತು. ಅಂಥ ಕಾಲೇಜಿಗೆ ಅದು ಆಗದ ಮಾತು. ಅಂಗಡಿಯೇ ಮುಚ್ಚಿದರೆ ಶ್ರೀಮಂತನಿಗೂ ದಿಕ್ಕಿಲ್ಲ.

ಮೂರನೆಯ ವಾದವು ದೇಶಾಭಿಮಾನದ ವೇಷದಲ್ಲಿ ಬರುವುದರಿಂದ ಹೆಚ್ಚು ಗಂಭೀರವಾದದ್ದು: ‘ಮುಕ್ತವಾಗಿಟ್ಟರೆ ಈ ನೆಲದ ಸಂಪತ್ತನ್ನು ಪರರು ದೋಚುತ್ತಾರೆ. ರಾಗಿಯ ಗುಟ್ಟನ್ನು ಜಗತ್ತಿಗೆಲ್ಲ ಸಾರುವುದೇಕೆ?’ ಈ ವಾದವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಕಲಸುತ್ತದೆ. ಲಿಪಿ ಮುಕ್ತವಾಗಿರುವುದು ಬೇರೆ, ಪತ್ರ ಬಹಿರಂಗವಾಗಿರುವುದು ಬೇರೆ. ಕನ್ನಡದ ಅಕ್ಷರಮಾಲೆ ಎಲ್ಲರದು. ಅದರಲ್ಲಿ ಬರೆದ ಉಯಿಲನ್ನು ಮೊಹರು ಮಾಡಿ ಪೆಟ್ಟಿಗೆಯಲ್ಲಿಡಲು ಯಾರ ಅಡ್ಡಿಯೂ ಇಲ್ಲ. ಮೊಹರು ಒಡೆದ ದಿನ ಓದಲು ಬರಬೇಕು ಎಂಬುದಷ್ಟೇ ಇಲ್ಲಿಯ ಬೇಡಿಕೆ.

ಅದೂ ಅಲ್ಲದೆ, ಕಳವನ್ನು ತಡೆಯುವುದಕ್ಕೆ ಬೇಕಾದದ್ದು ಮೂಲದ ದಾಖಲೆ. ಒಂದು ಡಿ.ಎನ್.ಎ. ಸಾಲು ಎಲ್ಲಿಯ ಗಿಡದಿಂದ, ಎಂದು ಸಂಗ್ರಹಿಸಿದ್ದೆಂಬುದನ್ನು ಜಗತ್ತಿನ ಮೂರು ದೊಡ್ಡ ಭಂಡಾರಗಳ ಒಕ್ಕೂಟವು ೨೦೨೩ರಿಂದ ಕಡ್ಡಾಯವಾಗಿ ಕೇಳುತ್ತಿದೆ. ಎಸ್.ಬಿ.ಓ.ಎಲ್.ನಲ್ಲಿಯೂ ಯಾವುದು ಯಾವುದರಿಂದ ಹುಟ್ಟಿತೆಂಬ ವಂಶಾವಳಿಗೆ ಸ್ಥಾನವಿದೆ. ೨೦೨೪ರಲ್ಲಿ ಕೊಲಂಬಿಯದ ಕಾಲಿ ನಗರದಲ್ಲಿ ಸೇರಿದ ಜೀವವೈವಿಧ್ಯ ಸಮ್ಮೇಳನದಲ್ಲಿ, ಇಂಥ ಅನುಕ್ರಮಗಳನ್ನು ಬಳಸಿ ಲಾಭ ಪಡೆಯುವ ಉದ್ಯಮಗಳು ಒಂದು ಪಾಲನ್ನು ಸಲ್ಲಿಸಬೇಕೆಂಬ ಆಶಯದಿಂದ ಒಂದು ನಿಧಿಯನ್ನು ಸ್ಥಾಪಿಸಲು ನಿರ್ಣಯವಾಯಿತು. ಮೂಲದ ಅಂಕಣವೇ ಖಾಲಿಯಿದ್ದರೆ ನೆಲಮಂಗಲದ ರೈತನು ಯಾವ ಆಧಾರದಿಂದ ತನ್ನ ಪಾಲನ್ನು ಕೇಳಬಲ್ಲನು? ಪಹಣಿಯಿಲ್ಲದ ಹೊಲಕ್ಕೆ ಬೇಲಿ ಹಾಕಿ ಫಲವಿಲ್ಲ.

ರಾಗಿಯ ಸಂಗತಿಯಲ್ಲಿಯೇ ಇನ್ನೊಂದು ಪಾಠವಿದೆ. ೨೦೧೭ರಲ್ಲಿ ಬೆಂಗಳೂರಿನವರು ಎಂ.ಎಲ್. ೩೬೫ರ ಜೀನೋಮನ್ನು ಪ್ರಕಟಿಸಿದರು. ೨೦೧೮ರಲ್ಲಿ ಇನ್ನೊಂದು ತಂಡ ಪಿ.ಆರ್. ೨೦೨ ಎಂಬ ತಳಿಯದನ್ನು; ೨೦೨೩ರಲ್ಲಿ ಮತ್ತೊಂದು ತಂಡ ಕೆ.ಎನ್.ಇ. ೭೯೬-ಎಸ್ ಎಂಬ ತಳಿಯ ಜೀನೋಮನ್ನು ಕ್ರೋಮೊಸೋಮುಗಳ ಮಟ್ಟಕ್ಕೆ ಜೋಡಿಸಿ ಪ್ರಕಟಿಸಿತು. ಒಬ್ಬೊಬ್ಬರೂ ತಮ್ಮ ತಮ್ಮ ಕ್ರಮದಲ್ಲಿ ಜೀನುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಬರವನ್ನು ತಾಳಿಕೊಳ್ಳುವ ಗುಣಕ್ಕೆ ಸಂಬಂಧಿಸಿದ ಒಂದೇ ಜೀನನ್ನು ಮೂರು ಹೆಸರುಗಳ ಕೆಳಗೆ ಹುಡುಕಿ, ಇವು ಮೂರೂ ಒಂದೇ ಎಂದು ಸಿದ್ಧಪಡಿಸುವ ಹೊರೆ ಮುಂದಿನ ವಿದ್ಯಾರ್ಥಿಯ ತಲೆಯ ಮೇಲೆ ಬೀಳುತ್ತದೆ. ಮೂರು ತಂಡಗಳೂ ತಮ್ಮ ಕೆಲಸವನ್ನು ಮುಕ್ತ ರೂಪದಲ್ಲಿ ಇಟ್ಟಿರುವುದರಿಂದ ಹೊಂದಿಸಿ ನೋಡುವುದಾದರೂ ಸಾಧ್ಯವಾಗಿದೆ. ಬೀಗ ಹಾಕಿದ ಕಡತಗಳಾಗಿದ್ದರೆ ಅದಕ್ಕೂ ಅವಕಾಶವಿರುತ್ತಿರಲಿಲ್ಲ.

ನಾಲ್ಕನೆಯ ವಾದ: ‘ಜೀವವನ್ನು ತಿದ್ದುವ ವಿದ್ಯೆ ಅಪಾಯಕಾರಿ, ಅದನ್ನು ಎಲ್ಲರೂ ಓದುವಂತೆ ಬರೆಯುವುದು ಬೆಂಕಿಯೊಡನೆ ಸರಸ.’ ಅಪಾಯವಿರುವುದು ಸತ್ಯ; ಆ ಕಾರಣದಿಂದಲೇ ಲಿಪಿ ಸ್ಪಷ್ಟವಾಗಿರಬೇಕು. ಡಿ.ಎನ್.ಎ.ಯನ್ನು ತಯಾರಿಸಿ ಮಾರುವ ಸಂಸ್ಥೆಗಳಲ್ಲಿ ಕೆಲವು ೨೦೦೯ರಲ್ಲಿ ಒಕ್ಕೂಟವಾಗಿ ಸೇರಿ, ಬಂದ ಬೇಡಿಕೆಯಲ್ಲಿ ಮಾರಕ ರೋಗಾಣುಗಳ ಅಂಶವಿದೆಯೇ, ಬೇಡಿದವರು ಯಾರು ಎಂಬುದನ್ನು ಪರೀಕ್ಷಿಸುವ ಕ್ರಮವನ್ನು ಒಪ್ಪಿಕೊಂಡವು. ಭಾರತದಲ್ಲಿ ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ ೧೯೮೯ರಲ್ಲಿ ಮಾಡಿದ ನಿಯಮಗಳಂತೆ, ಪರಿವರ್ತಿತ ಜೀವಿಗಳ ಪ್ರಯೋಗವನ್ನು ಪರಿಶೀಲಿಸುವ ಸಮಿತಿಗಳಿವೆ. ಪರೀಕ್ಷಕನಿಗೆ ವಿನ್ಯಾಸವು ಪೂರ್ಣವಾಗಿ ಓದಲು ಬರಬೇಡವೇ? ಬಣ್ಣದ ಚಿತ್ರವೊಂದನ್ನು ತೋರಿಸಿ ‘ಒಳಗಿರುವುದು ನಮ್ಮ ಸಾಧನಕ್ಕೆ ಮಾತ್ರ ಗೊತ್ತು’ ಎಂದರೆ, ಸಮಿತಿಯು ಸಹಿ ಮಾಡುವುದು ಕುರುಡುಸಹಿಯಾಗುತ್ತದೆ. ದುಷ್ಟನಿಗೆ ಮುಕ್ತ ಭಾಷೆಯ ಅವಶ್ಯಕತೆಯಿಲ್ಲ. ಅವನು ಹೇಗಾದರೂ ಬರೆದುಕೊಂಡಾನು. ಅದು ಬೇಕಾದದ್ದು ಕಾವಲುಗಾರನಿಗೆ.

ಐದನೆಯ ವಾದ: ‘ಈ ಮಾನಕಗಳೂ ಪರದೇಶದವರು ಮಾಡಿದವೇ. ವ್ಯಾಪಾರಿಯ ದಾಸ್ಯದ ಬದಲು ಪಂಡಿತರ ದಾಸ್ಯ, ಇಷ್ಟೇ ತಾನೆ?’ ಭೇದ ಇಲ್ಲಿದೆ: ಎಸ್.ಬಿ.ಓ.ಎಲ್.ನ ನಿಯಮಗಳು ಬಹಿರಂಗ. ತಿದ್ದುಪಡಿಯನ್ನು ಸೂಚಿಸಲು ಬಾಗಿಲು ತೆರೆದಿದೆ. ಸೂಚನೆಯ ಮೇಲೆ ಬಳಕೆದಾರರ ಸಮುದಾಯವೇ ಮತ ಹಾಕುತ್ತದೆ. ವ್ಯಾಪಾರಿಯ ಕಡತದ ರೂಪವನ್ನು ತಿದ್ದುವ ಅಧಿಕಾರ ವ್ಯಾಪಾರಿಗೆ ಮಾತ್ರ. ಇದಲ್ಲದೆ, ಈ ಕ್ಷೇತ್ರದಲ್ಲಿ ಬೆಂಗಳೂ‌ರು ಬರಿಯ ಅನುಯಾಯಿಯಾಗಿ ನಿಂತದ್ದಲ್ಲ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಅವರ ಪ್ರಯೋಗಶಾಲೆಯವರು ಕೋಶಗಳೊಳಗಿನ ಸಂದೇಶಗಳ ಗಣಿತಮಾದರಿಗಳನ್ನು ಒಂದೆಡೆ ಕೂಡಿಸಿ, ಯಾರಾದರೂ ಬಳಸಬಹುದಾದ ಭಂಡಾರವೊಂದನ್ನು ಕಟ್ಟಿ ೨೦೦೩ರಲ್ಲಿ ಪ್ರಕಟಿಸಿದರು. ಡಾಕ್ಸ್ ಎಂದು ಅದರ ಹೆಸರು. ಅದರ ಮಾದರಿಗಳು ಜೆನೆಸಿಸ್ ಎಂಬ ಒಂದು ಸಾಧನದ ಭಾಷೆಯಲ್ಲಿದ್ದವು. ಅಲ್ಲಿಗೇ ನಿಂತಿದ್ದರೆ ಅವೂ ಒಂದೇ ಯಂತ್ರಕ್ಕೆ ಹೊಂದುವ ಕಾರ್ಡುಗಳಾಗಿ ಉಳಿಯುತ್ತಿದ್ದವು. ಆದರೆ ಅವುಗಳಲ್ಲಿ ಕೆಲವು ಎಸ್.ಬಿ.ಎಂ.ಎಲ್. ರೂಪಕ್ಕೆ ಪರಿವರ್ತಿತವಾಗಿ ಇಂಗ್ಲೆಂಡಿನ ಬಯೋಮಾಡೆಲ್ಸ್ ಭಂಡಾರದಲ್ಲಿಯೂ ಸೇರಿವೆ. ಅದೇ ಪ್ರಯೋಗಶಾಲೆಯಲ್ಲಿ ಬೆಳೆದ ಮೂಸ್ ಎಂಬ ಮುಕ್ತ ಸಾಧನವು ಎಸ್.ಬಿ.ಎಂ.ಎಲ್. ಕಡತಗಳನ್ನು ಓದಬಲ್ಲದು. ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಬರೆದ ಮಾದರಿಯನ್ನು ಎಂದೂ ಬೆಂಗಳೂರನ್ನು ಕಾಣದ ವಿದ್ಯಾರ್ಥಿಯು ತೆರೆದು, ನಡೆಸಿ, ತಪ್ಪು ಹುಡುಕಬಲ್ಲನೆಂದರೆ, ದಾಸ್ಯವೆಲ್ಲಿ ಬಂತು?

೬

ಮಾನಕಗಳಲ್ಲಿ ದೋಷವಿಲ್ಲವೆಂದು ಹೇಳುವುದು ಪಕ್ಷಪಾತವಾದೀತು. ಬಯೋಬ್ರಿಕ್‌ನ ಮೊದಲ ಕಟ್ಟಳೆಯಂತೆ ಎರಡು ತುಂಡುಗಳನ್ನು ಕೂಡಿಸಿದಾಗ ನಡುವೆ ಎಂಟು ಅಕ್ಷರಗಳ ಕಲೆಯೊಂದು ಉಳಿಯುತ್ತಿತ್ತು. ಆ ಕಲೆಯ ದೆಸೆಯಿಂದ ಎರಡು ಪ್ರೋಟೀನುಗಳನ್ನು ಬೆಸೆದು ಒಂದಾಗಿಸಲು ಆಗುತ್ತಿರಲಿಲ್ಲ. ಎಸ್.ಬಿ.ಓ.ಎಲ್. ಕಲಿಯಲು ಸುಲಭವಲ್ಲ, ಒಂಬತ್ತು ವರ್ಷಗಳಲ್ಲಿ ಮೂರು ಆವೃತ್ತಿಗಳು ಬಂದುದರಿಂದ ಹಳೆಯದನ್ನು ಹೊಸದಕ್ಕೆ ಹೊಂದಿಸುವ ತೊಡಕೂ ಉಂಟು. ಅನೇಕ ಪ್ರಯೋಗಶಾಲೆಗಳು ಇಂದಿಗೂ ವಿನ್ಯಾಸವನ್ನು ಚಿತ್ರವಾಗಿ ಬರೆದು, ವಿವರವನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿ ಕೈತೊಳೆದುಕೊಳ್ಳುತ್ತವೆ. ಪ್ರಕಟವಾದ ಲೇಖನಗಳಲ್ಲಿ ಸಂಶ್ಲೇಷಿತ ಡಿ.ಎನ್.ಎ.ಯ ಪೂರ್ಣ ಅನುಕ್ರಮವನ್ನಾದರೂ ಕೊಡಿರೆಂದು ವಿದ್ವಾಂಸರು ೨೦೧೧ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯ ಮೂಲಕ ಬಹಿರಂಗವಾಗಿ ಕೇಳಿಕೊಳ್ಳಬೇಕಾಗಿ ಬಂದಿತೆಂದರೆ ಆಲಸ್ಯದ ಆಳ ತಿಳಿಯುತ್ತದೆ.

ಆದರೆ ಈ ದೋಷಗಳೆಲ್ಲ ಬೆಳಕಿಗೆ ಬಂದವು, ಅವುಗಳ ಮೇಲೆ ಚರ್ಚೆ ನಡೆಯಿತು. ಬಯೋಬ್ರಿಕ್‌ನ ಕಲೆಯ ತೊಡಕನ್ನು ಕಳೆಯಲು ಬೇರೆಯವರು ಹೊಸ ಕಟ್ಟಳೆಗಳನ್ನು ಬರೆದರು. ಬಹಿರಂಗವಾದ ಕಟ್ಟಳೆಯ ತಪ್ಪನ್ನು ಹೊರಗಿನವನು ತಿದ್ದಬಲ್ಲನು. ಮುಚ್ಚಿದ ಕಡತದ ತಪ್ಪು ಅದರ ಒಡೆಯನಿಗೆ ಬೇಸರ ಬರುವವರೆಗೆ ಹಾಗೆಯೇ ಇರುತ್ತದೆ.

೭

ಇಷ್ಟು ಹೇಳಿ, ಏನು ಮಾಡತಕ್ಕದ್ದೆಂಬುದನ್ನು ಹೇಳದೆ ಬಿಟ್ಟರೆ ವಿಮರ್ಶೆ ಅಪೂರ್ಣವಾಗುತ್ತದೆ. ಕೇಂದ್ರ ಸಚಿವ ಸಂಪುಟವು ೨೦೨೪ರ ಆಗಸ್ಟ್ ತಿಂಗಳಲ್ಲಿ ‘ಬಯೋ-ಇ-೩’ ಎಂಬ ನೀತಿಯನ್ನು ಅಂಗೀಕರಿಸಿತು. ಜೈವಿಕ ತಯಾರಿಕೆಯ ಕೇಂದ್ರಗಳನ್ನೂ, ವಿನ್ಯಾಸದಿಂದ ಪರೀಕ್ಷೆಯವರೆಗಿನ ಕೆಲಸವನ್ನು ಯಂತ್ರಗಳಿಂದ ನಡೆಸುವ ‘ಬಯೋಫೌಂಡ್ರಿ’ಗಳನ್ನೂ ಸ್ಥಾಪಿಸುವುದು ಅದರ ಅಂಗ. ಅದಕ್ಕೆ ಮುಂಚೆ, ೨೦೨೧ರಲ್ಲಿ, ಸಾರ್ವಜನಿಕ ಹಣದಿಂದ ಹುಟ್ಟಿದ ಜೈವಿಕ ದತ್ತಾಂಶವನ್ನು ಹಂಚಿಕೊಳ್ಳಬೇಕೆಂಬ ಮಾರ್ಗಸೂಚಿ ಹೊರಟಿತು. ೨೦೨೨ರಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವು ಉದ್ಘಾಟನೆಯಾಯಿತು. ಮನೆ ಕಟ್ಟುವ ಕಾಲವೇ ಬಾಗಿಲಿನ ಅಳತೆಯನ್ನು ಗೊತ್ತುಮಾಡುವ ಕಾಲ. ಆದಕಾರಣ ಮೂರು ಕಾರ್ಯಗಳು ಈಗಲೇ ಆಗಬೇಕು.

ಮೊದಲನೆಯದು, ಧನಸಹಾಯ ಮಾಡುವ ಸರ್ಕಾರಗಳಿಗೆ ಸೇರಿದ್ದು. ದತ್ತಾಂಶಕ್ಕೆ ಒಪ್ಪಿದ ತತ್ತ್ವವನ್ನು ವಿನ್ಯಾಸಕ್ಕೂ ಸ್ಪಷ್ಟವಾಗಿ ವಿಸ್ತರಿಸಿ, ಅಂತಿಮ ವರದಿಯೊಡನೆ ಪೂರ್ಣ ಅನುಕ್ರಮವನ್ನೂ, ಎಸ್.ಬಿ.ಓ.ಎಲ್., ಎಸ್.ಬಿ.ಎಂ.ಎಲ್. ಮೊದಲಾದ ಮುಕ್ತ ರೂಪದ ವಿನ್ಯಾಸವನ್ನೂ ಒಪ್ಪಿಸಬೇಕೆಂದು ವಿಧಿಸತಕ್ಕದ್ದು. ಗುಟ್ಟು ನ್ಯಾಯವಾದಲ್ಲಿ ಒಂದು ಅವಧಿಯವರೆಗೆ ಮುಚ್ಚಿಡಲಿ. ಓದಲಾಗದಂತೆ ಬರೆಯುವುದಕ್ಕೆ ಮಾತ್ರ ಅನುಮತಿ ಬೇಡ. ಎರಡನೆಯದು, ಸಾಧನಗಳನ್ನು ಕೊಳ್ಳುವ ಸಂಸ್ಥೆಗಳಿಗೆ ಸೇರಿದ್ದು. ಒಳಗೆ ಹಾಕಿದ್ದೆಲ್ಲವೂ ನಷ್ಟವಿಲ್ಲದೆ ಮುಕ್ತ ರೂಪದಲ್ಲಿ ಹೊರಬರಬೇಕೆಂಬುದನ್ನು ಖರೀದಿಯ ಮೊದಲ ಷರತ್ತಾಗಿ ಬರೆಯಲಿ. ಅದನ್ನು ಒಪ್ಪುವ ವ್ಯಾಪಾರಿಯೊಡನೆ ಯಾರಿಗೂ ಜಗಳವಿಲ್ಲ. ಮೂರನೆಯದು, ಕಾಲೇಜುಗಳಿಗೂ ಮನೆಗಳಿಗೂ ಸೇರಿದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಜೀವಶಾಸ್ತ್ರವನ್ನು ಓದುವ ಮಕ್ಕಳಿಗೆ ಒಂದು ಸಾಧನದ ಗುಂಡಿಗಳನ್ನು ಒತ್ತುವುದನ್ನು ಕಲಿಸಿ ಪದವಿ ಕೊಡಬಾರದು. ವಿನ್ಯಾಸದ ವ್ಯಾಕರಣವನ್ನು ಕಲಿಸಬೇಕು. ಅದಕ್ಕೆ ಬೇಕಾದ ಉಚಿತ ಸಾಧನಗಳು ದೊರೆಯುತ್ತವೆ; ಬೇಕಾದದ್ದು ಕಂಪ್ಯೂಟರೂ ಕಲಿಸುವ ಮನಸ್ಸೂ. ಮಗನನ್ನೋ ಮಗಳನ್ನೋ ಬಯೋಟೆಕ್ನಾಲಜಿಗೆ ಸೇರಿಸುವಾಗ ಶುಲ್ಕವೆಷ್ಟೆಂದು ಕೇಳುವ ತಂದೆತಾಯಿಗಳು, ಮೂರು ವರ್ಷದ ತರುವಾಯ ಮಗು ಮಾಡಿದ ಕೆಲಸ ಯಾರ ಕೈಯಲ್ಲಿರುವುದೆಂದೂ ಕೇಳಲಿ. ಅದು ಅವರ ಹಕ್ಕು.

ಜಕಾರ್ಡಿನ ಕಾರ್ಡಿಗೆ ತೂತು ಹೊಡೆಸಿದ ಮೇಲೆ ಚೌಕಳಿ ಕಾಗದದ ಕೆಲಸ ತೀರಿತೆಂದು ಅದನ್ನು ಬಿಸುಡುವುದು ಸುಲಭ. ಬುದ್ಧಿವಂತ ನೇಕಾರರ ಮನೆಗಳಲ್ಲಿ ಹಾಗೆ ಬಿಸುಡುವುದಿಲ್ಲ. ಯಂತ್ರವನ್ನು ಸಾಲ ಮಾಡಿ ತಂದರೂ, ಬಾಡಿಗೆಗೆ ತಂದರೂ, ಹೂವಿನ ಕಾಗದವನ್ನು ಮಾತ್ರ ತಮ್ಮ ಪೆಟ್ಟಿಗೆಯಲ್ಲಿಯೇ ಇಡುತ್ತಾರೆ. ಜೀವವನ್ನು ವಿನ್ಯಾಸ ಮಾಡಹೊರಟ ಈ ಕಾಲದ ವಿದ್ವಾಂಸರೂ ಅವರಿಗೆ ಹಣ ಕೊಡುವ ಸರ್ಕಾರಗಳೂ ಆ ನೇಕಾರರಿಂದ ಇಷ್ಟನ್ನು ಕಲಿತುಕೊಂಡರೆ, ಮುಂದಿನ ತಲೆಮಾರಿನವರು ಮೊದಲಿನಿಂದ ಮತ್ತೆ ಬರೆಯಬೇಕಾದ ಕಷ್ಟ ತಪ್ಪುತ್ತದೆ.